ಮಡಿಕೆ ಥ್ರಸ್ಟ್ (ಸ್ತರಗಳು ಒಂದರ ಮೇಲೊಂದು ಏರುವ ಒಡಕು) ಆಗುವ ಹಂತವನ್ನು ಮಾದರಿಯಲ್ಲಿ ಗಮನಿಸಿದ ಅನುಭವ

ಶಿಲಾಸ್ತರಗಳು ಮೊದಲು ಮಡಿಚಿಕೊಂಡು ಆನಂತರ ಒಡೆಯುತ್ತವೆಯೇ, ಇಲ್ಲವೇ ಆಳದಲ್ಲಿ ಹುಟ್ಟಿದ ಸ್ತರಭಂಗವೇ (ಎರಡು ಬದಿಯ ಬಂಡೆ ಸರಿದಿರುವ ಬಿರುಕು) ಮೇಲೇರುತ್ತ ಮುಂದಿರುವ ಸ್ತರಗಳನ್ನು ಮಡಿಸುತ್ತದೆಯೇ ಎಂಬುದನ್ನು ಭೂನಕ್ಷೆಯಿಂದಷ್ಟೇ ನಿರ್ಧರಿಸುವುದು ಕಷ್ಟವಾದ್ದರಿಂದ, ಒಂದು ಬದಿಗೆ ಗಾಜು ಕೂರಿಸಿದ ಪೆಟ್ಟಿಗೆಯಲ್ಲಿ ಮಾದರಿ ಕಟ್ಟಿದೆ. ಅಮೆರಿಕದ ಭೂವಿಜ್ಞಾನಿ ಬೇಯ್ಲಿ ವಿಲ್ಲಿಸ್ ಅಲ್ಲಿನ ಅಪಲಾಚಿಯನ್ ಪರ್ವತಗಳ ಬಗ್ಗೆ 1893ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೇಣದ ಪದರಗಳ ಮೇಲೆ ಸೀಸದ ಗುಂಡುಗಳ ಭಾರ ಹೇರಿ ಪಕ್ಕದಿಂದ ಒತ್ತಿದ್ದರು. ನಾನು ಒದ್ದೆ ಜೇಡಿಮಣ್ಣಿನ ಪದರಗಳ ನಡುವೆ ಬಣ್ಣದ ನುಣುಪು ಮರಳನ್ನು ಉದುರಿಸಿ, ತಳದಲ್ಲಿ ನಿಧಾನವಾಗಿ ಹರಿಯುವ ಸಿಲಿಕೋನ್ ಪುಟ್ಟಿಯ ತೆಳುವಾದ ಹಾಸು ಇಟ್ಟೆ. ನಿಸರ್ಗದಲ್ಲಿ ಉಪ್ಪಿನ ಅಥವಾ ಜೇಡಿಶಿಲೆಯಾದ ಶೇಲ್‌ನ ದುರ್ಬಲ ಸ್ತರ ಮಾಡುವ ಕೆಲಸವನ್ನು ಇಲ್ಲಿ ಈ ಹಾಸು ಮಾಡುತ್ತದೆ.

ಗೋಡೆಯನ್ನು ತಿರುಪಿನಿಂದ ನಿಧಾನವಾಗಿ ಒಳಕ್ಕೆ ನೂಕಿದಾಗ ಪದರಗಳು ಮೊದಲು ತುಸು ದಪ್ಪಗಾದವು, ಆಮೇಲೆ ಒಂದೆಡೆ ಕಮಾನಿನಂತೆ ಉಬ್ಬಿದವು. ಮುಂದಿನ ಹಂತದಲ್ಲೇ ಎಲ್ಲ ಸ್ವಾರಸ್ಯವೂ ಇದೆ: ಕಮಾನಿನ ಎರಡು ಮಗ್ಗುಲುಗಳು ಸಮನಾಗಿ ಉಳಿಯದೆ, ನೂಕುವ ಗೋಡೆಗೆ ದೂರವಾದ ಮಗ್ಗುಲು ಕಡಿದಾಗುತ್ತ ಬಂದು, ಬಹುತೇಕ ಲಂಬವಾಗಿ ನಿಂತು, ಎಳೆತಕ್ಕೆ ಸಿಕ್ಕಿ ತೆಳುವಾಯಿತು. ಇನ್ನಷ್ಟು ಬಾಗಲು ಅವಕಾಶವಿಲ್ಲದ ಆ ಮಗ್ಗುಲನ್ನೇ ಸೀಳಿಕೊಂಡು ಬಿರುಕು ಹಾಯಿತು, ಕಮಾನಿನ ಮೇಲ್ಭಾಗ ಅದರ ಮೇಲೆ ಜಾರಿ ಮುಂದಿನ ಪದರಗಳನ್ನೇರಿತು. ಹಳೆಯ ಸ್ತರ ಹೊಸದರ ಮೇಲೆ ಕುಳಿತ ಥ್ರಸ್ಟ್ ಅಲ್ಲೇ ಕಣ್ಣೆದುರು ರೂಪುಗೊಂಡಿತ್ತು.

ಇದೇ ಪೆಟ್ಟಿಗೆಯಲ್ಲಿ ಒಣ ಮರಳನ್ನು ಮಾತ್ರ ತುಂಬಿದರೆ ಮಡಿಕೆ ಬೆಳೆಯುವುದೇ ಅಪರೂಪ. ಮರಳಿನ ಆಂತರಿಕ ಘರ್ಷಣೆಯ ಕೋನ (ಕಣಗಳು ಒಂದರ ಮೇಲೊಂದು ಜಾರುವುದಕ್ಕೆ ಒಡ್ಡುವ ತಡೆಯ ಅಳತೆ) ಸುಮಾರು 30 ಡಿಗ್ರಿ ಇರುವುದರಿಂದ, ಸಮತಲಕ್ಕೆ ಸರಿಸುಮಾರು 30 ಡಿಗ್ರಿ ಓರೆಯಲ್ಲಿ ಅದು ನೇರವಾಗಿ ಒಡೆಯುತ್ತದೆ. ಹಾಗಾಗಿ ಮಡಿಕೆ ಮೊದಲೋ ಒಡಕು ಮೊದಲೋ ಎಂಬುದನ್ನು ಹೆಚ್ಚಾಗಿ ನಿರ್ಧರಿಸುವುದು ಪದರಗಳ ಬಲಾಬಲವೇ ಎಂದು ನನ್ನ ಅಭಿಪ್ರಾಯ.

ಗಾಜಿಗೆ ತಾಗಿದ ಪದರಗಳು ಘರ್ಷಣೆಯಿಂದ ಹಿಂದೆ ಉಳಿಯುವುದರಿಂದ, ಕೊನೆಯಲ್ಲಿ ಮಾದರಿಯ ನಡುಭಾಗವನ್ನು ತೆಳುತಂತಿಯಿಂದ ಕೊಯ್ದು ನೋಡುವುದು ಅಗತ್ಯ.

ಈಗ ಬಂಡೆಗಳ ಮುಂದೆ ನಿಂತಾಗ ಎರಡೂ ಮಗ್ಗುಲುಗಳ ಓರೆಯನ್ನು ಕ್ಲೈನೋಮೀಟರಿನಿಂದ ಅಳೆದು, ಸ್ತರಭಂಗದುದ್ದಕ್ಕೂ ಪ್ರತಿ ಸ್ತರ ಎಷ್ಟು ಸರಿದಿದೆ ಎಂದು ಗುರುತಿಸುತ್ತೇನೆ. ಸರಿತ ಮೇಲೇರುತ್ತ ಕಡಿಮೆಯಾಗಿ ಮಡಿಕೆಯೊಳಗೇ ಮುಗಿದರೆ, ಸ್ತರಭಂಗವೂ ಮಡಿಕೆಯೂ ಜೊತೆಯಾಗಿ ಬೆಳೆದಿವೆ ಎಂದು ಎಣಿಸುತ್ತೇನೆ. ಸ್ತರಭಂಗವು ಕಡಿದಾದ ಮಗ್ಗುಲನ್ನು ಪೂರ್ತಿ ಕತ್ತರಿಸಿದ್ದು, ಸರಿತ ಉದ್ದಕ್ಕೂ ಹೆಚ್ಚು ಕಡಿಮೆ ಒಂದೇ ಆಗಿದ್ದರೆ, ಮಡಿಕೆ ಬಲಿತ ಮೇಲೆಯೇ ಒಡಕು ಬಂದಿರುವ ಸಾಧ್ಯತೆ ಹೆಚ್ಚು.