ಮಗುವಿನ ಹೋಂವರ್ಕ್ ಜೊತೆ ನಮ್ಮದೂ ಮುಗಿಸ್ಕೊಳ್ಳಿ

ಮದ್ವೆ ಆಗಿ ಮಕ್ಳಾದ್ಮೇಲೆ ಮನೇಲಿದ್ದೇ ಓದೋ ಮುಕ್ತ ವಿಶ್ವವಿದ್ಯಾಲಯ ಇಗ್ನೋದಲ್ಲಿ ಬಿಎಗೆ ಸೇರಿರೋ ಅಕ್ಕತಂಗೀರಿಗೆ ಒಂದು ಮಾತು, ಅಸೈನ್‌ಮೆಂಟ್ ಮಾತ್ರ ಕೊನೇ ವಾರಕ್ಕೆ ಇಟ್ಕೋಬೇಡಿ. ಅದಕ್ಕೇ 30% ಅಂಕ ಇದೆ, ಎಲ್ಲಾ ಕೈಯಲ್ಲೇ ಬರೀಬೇಕು ಬೇರೆ. ನಾನು ಮೊದಲ ಸಲ ಮೂರೇ ದಿನದಲ್ಲಿ ಬರೆಯೋಕೆ ಹೋಗಿ ಬೆರಳು ಊದ್ಕೊಂಡು ಚಪಾತಿ ಲಟ್ಟಿಸೋಕೂ ಆಗ್ಲಿಲ್ಲ. ಈಗ ಸಂಜೆ ಮಗಳು ಮಗ್ಗಿ ಬರೆಯೋಕೆ ಕೂತಾಗ ನಾನೂ ಅದೇ ಚಾಪೆ ಮೇಲೆ ಕೂತು ದಿನಕ್ಕೆ ಎರಡು ಪುಟ ಬರೀತೀನಿ, ಕುಕ್ಕರ್ ಕೂಗೋದ್ರೊಳಗೆ ಆಗತ್ತೆ, ಅವಳೂ ಎದ್ದು ಓಡಲ್ಲ. ಕೊಡೋ ಮುಂಚೆ ಪ್ರತಿ ಪುಟದ ಫೋಟೋ ತೆಗೆದಿಟ್ಕೊಳ್ಳಿ, ಕೊಟ್ಟಿದ್ದಕ್ಕೆ ಸಿಗೋ ರಸೀದಿನೂ ಜೋಪಾನ. ಮನೆ ಗಲಾಟೆಲಿ ಒಂದು ವರ್ಷ ತಪ್ಪಿದ್ರೂ ಹೆದರ್ಬೇಡಿ, 3 ವರ್ಷದ ಬಿಎ ಮುಗಿಸೋಕೆ 6 ವರ್ಷದವರೆಗೂ ಟೈಮ್ ಇದೆ.