ಸಿಲಿಕಾ ಮೇಲೆ ಪ್ಲಾಟಿನಂ: ಕಣದ ಗಾತ್ರ ನಿರ್ಧಾರವಾಗುವುದು ಎಲ್ಲಿ?

ವೇಗವರ್ಧಕ (ಕ್ಯಾಟಲಿಸ್ಟ್) ತಯಾರಿಸಲು ಸಿಲಿಕಾ ಪುಡಿಯ ಮೇಲೆ ಶೇ. 1ರಷ್ಟು ಪ್ಲಾಟಿನಂ ಕೂರಿಸುವಾಗ ನಾನು ಬಿಗಿಯಾಗಿ ಹಿಡಿದುಕೊಳ್ಳುವುದು ಎರಡನ್ನು: ದ್ರಾವಣದ ಪಿಎಚ್, ಮತ್ತು ಮೊದಲ ಸಲ ಕಾಯಿಸುವಾಗ ಹರಿಯುವ ಅನಿಲ. ವೇಗವರ್ಧಕದ ಕೆಲಸ ನಡೆಯುವುದು ಲೋಹದ ಮೇಲ್ಮೈಯಲ್ಲಿ. ಪ್ಲಾಟಿನಂ ಕಣ 1 ನ್ಯಾನೋಮೀಟರ್ ಆಸುಪಾಸಿನಲ್ಲಿದ್ದರೆ ಬಹುಪಾಲು ಪರಮಾಣುಗಳು ಮೇಲ್ಮೈಯಲ್ಲೇ ಇರುತ್ತವೆ. 10 ನ್ಯಾನೋಮೀಟರ್ ಆದರೆ ಸುಮಾರು ಶೇ. 10 ಮಾತ್ರ. ಅಷ್ಟು ದುಬಾರಿ ಲೋಹದ ಉಳಿದ ಭಾಗವೆಲ್ಲ ಒಳಗೆ ಹೂತುಹೋದಂತೆ.

ಪಿಎಚ್ ಸುಮಾರು 4ನ್ನು ದಾಟಿದ ಮೇಲೆ ಸಿಲಿಕಾ ಮೇಲ್ಮೈ ಋಣಾವೇಶ ಪಡೆಯುತ್ತದೆ. ಹಾಗಾಗಿ ನಾನು ಧನ ಅಯಾನು ಕೊಡುವ ಟೆಟ್ರಾಅಮ್ಮೀನ್ ಪ್ಲಾಟಿನಂ ನೈಟ್ರೇಟ್ ತೆಗೆದುಕೊಂಡು, ಅಮೋನಿಯಾ ಹಾಕಿ ಪಿಎಚ್ 10ರ ಹತ್ತಿರ ಇಡುತ್ತೇನೆ. ಅದಕ್ಕೂ ತುಂಬ ಮೇಲೆ ಹೋದರೆ ಸಿಲಿಕಾವೇ ಕರಗತೊಡಗುತ್ತದೆ. ಪುಡಿ ಹಾಕಿದ ಮೇಲೆ ಪಿಎಚ್ ಇಳಿಯುತ್ತದೆ, ಆದ್ದರಿಂದ ಕೊನೆಯಲ್ಲಿ ಮತ್ತೆ ಅಳೆಯಲೇಬೇಕು. ಪ್ಲಾಟಿನಂ ಅನ್ನು ಋಣ ಅಯಾನಾಗಿ ಕೊಡುವ ಕ್ಲೋರೋಪ್ಲಾಟಿನಿಕ್ ಆಮ್ಲ ಗಾಮಾ ಅಲ್ಯುಮಿನಾಗೆ (ಅಲ್ಯುಮಿನಿಯಂ ಆಕ್ಸೈಡಿನ ಒಂದು ರೂಪ) ಚೆನ್ನಾಗಿ ಒಗ್ಗುತ್ತದೆ, ಏಕೆಂದರೆ ಆಮ್ಲೀಯ ದ್ರಾವಣದಲ್ಲಿ ಅಲ್ಯುಮಿನಾದ ಮೇಲ್ಮೈ ಧನಾವೇಶದ್ದು. ಸಿಲಿಕಾ ಮೇಲೆ ಈ ಆಮ್ಲಕ್ಕೆ ಹಿಡಿತವಿಲ್ಲ. ಒಣಗಿಸುವಾಗ ನೀರು ಹೋದ ಕಡೆ ತಾನೂ ಹೋಗಿ ಅಲ್ಲಲ್ಲಿ ಗುಡ್ಡೆಯಾಗುತ್ತದೆ. ಅಂಟಿಕೊಂಡ ಅಯಾನಿಗೆ ಈ ಕಾಟವಿಲ್ಲ. ಸೋಸಿ, ತೊಳೆದು, ಒಣಗಿಸಿದರಾಯಿತು.

ನಿಜವಾದ ಪರೀಕ್ಷೆ ಇರುವುದು ಫರ್ನೇಸಿನಲ್ಲಿ. ಒಣಗಿದ ಪುಡಿಯನ್ನು ನೇರ ಹೈಡ್ರೋಜನ್‌ನಲ್ಲಿ ಕಾಯಿಸಿದರೆ ಅಮ್ಮೀನ್ ಸಂಯುಕ್ತ ಆವೇಶ ಕಳೆದುಕೊಂಡು ಮೇಲ್ಮೈಯಲ್ಲಿ ಅಲೆದಾಡುತ್ತದೆ, ಕಣಗಳು ದಪ್ಪಗಾಗುತ್ತವೆ. ಅದಕ್ಕೇ ನಾನು ಮೊದಲು ಗಾಳಿಯಲ್ಲಿ, ನಿಮಿಷಕ್ಕೆ 1–2 ಡಿಗ್ರಿಯಂತೆ ಏರಿಸಿ, 300–400 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಿಲ್ಲಿಸುತ್ತೇನೆ. ಪುಡಿ ತೆಳುವಾಗಿ ಹರಡಿರಬೇಕು, ಗಾಳಿ ಧಾರಾಳವಾಗಿ ಹರಿಯಬೇಕು; ಹುಟ್ಟುವ ನೀರಾವಿ ಅಲ್ಲೇ ನಿಲ್ಲಬಾರದು. ಮುಚ್ಚಿದ ಮೂಸೆಯಲ್ಲಿ ರಾತ್ರಿಯಿಡೀ ಬಿಡುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ. 600 ಡಿಗ್ರಿ ದಾಟಿದರೆ ಪ್ಲಾಟಿನಂ ಆಕ್ಸೈಡ್ ಆಗಿ ಆವಿಯಾಗಿ ಬೇರೆಡೆ ಕೂರುವ ಅಪಾಯವೂ ಇದೆ. ಆಮೇಲೆ ನೈಟ್ರೋಜನ್ ಹಾಯಿಸಿ ಗಾಳಿಯನ್ನು ಪೂರ್ತಿ ಹೊರಗಟ್ಟಿ (ಇದನ್ನು ಯಾವತ್ತೂ ಬಿಡಕೂಡದು), ನಂತರವಷ್ಟೇ ಪ್ಲಾಟಿನಂ ಅನ್ನು ಲೋಹರೂಪಕ್ಕೆ ತರುವ ಹೈಡ್ರೋಜನ್.

ಫಲಿತಾಂಶಕ್ಕೆ ಹೈಡ್ರೋಜನ್ ಕೆಮಿಸಾರ್ಪ್ಷನ್ (ಲೋಹದ ಮೇಲ್ಮೈ ಎಷ್ಟು ಹೈಡ್ರೋಜನ್ ಹೀರುತ್ತದೆ ಎಂದು ಅಳೆದು ಕಣದ ಗಾತ್ರ ಅಂದಾಜಿಸುವ ವಿಧಾನ) ಒಂದನ್ನೇ ನಾನು ನಂಬುವುದಿಲ್ಲ. ಆಧಾರವಸ್ತು ಸಿಲಿಕಾದ ಬದಲು ಟೈಟಾನಿಯಾ (ಟೈಟಾನಿಯಂ ಡೈಆಕ್ಸೈಡ್) ಆಗಿದ್ದರಂತೂ ಇನ್ನೂ ಎಚ್ಚರ ಬೇಕು: 500 ಡಿಗ್ರಿಯಲ್ಲಿ ಹೈಡ್ರೋಜನ್ ಕೊಟ್ಟ ಮೇಲೆ ಪ್ಲಾಟಿನಂ ಹೈಡ್ರೋಜನ್ ಹೀರುವುದನ್ನು ಬಹುತೇಕ ನಿಲ್ಲಿಸುತ್ತದೆ, ಕಣ ದೊಡ್ಡದಾಗದಿದ್ದರೂ. ಸಂಶೋಧಕ ಟಾಸ್ಟರ್ ಮತ್ತು ಸಂಗಡಿಗರು 1978ರಲ್ಲೇ ಇದನ್ನು ತೋರಿಸಿದ್ದರು. ಹಾಗಾಗಿ ಹೀರಿಕೆ ಕುಸಿದಾಗ ಮೊದಲು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಣ ನೋಡುತ್ತೇನೆ. ತಯಾರಿಕೆಯ ಹಂತಗಳನ್ನು ಬದಲಿಸುವ ಯೋಚನೆ ಆಮೇಲೆ.