5 ಕೆಜಿ ನಾಯಿಗೆ ಪ್ಯಾಕೆಟ್ ಫುಡ್ಡೋ, ಮನೆ ಅಡುಗೆಯೋ? ನನ್ನ ಅನುಭವ

ನಮ್ಮ ಮಿನ್ನುಗೆ ಬೆಳಗ್ಗೆ ಪ್ಯಾಕೆಟ್ ಫುಡ್, ರಾತ್ರಿ ಮನೆಯಲ್ಲಿ ಬೇಯಿಸಿದ್ದು. ಅವಳು ಪಾಮೇರಿಯನ್, ಮರಿಯಾಗದ ಆಪರೇಷನ್ ಆಗಿದೆ, ತೂಕ 5 ಕೆಜಿ. ಎರಡರಲ್ಲಿ ಯಾವುದು ಒಳ್ಳೇದು ಅಂತ ಎಲ್ಲರೂ ಕೇಳುತ್ತಾರೆ. ಎಷ್ಟು ಹಾಕಬೇಕು ಅಂತ ಕೇಳುವವರು ಕಡಿಮೆ. ಸಣ್ಣ ನಾಯಿಗೆ ಆ ಲೆಕ್ಕವೇ ಮುಖ್ಯ.

ಸುಮ್ನೆ ಬಿದ್ದುಕೊಂಡಿದ್ದರೂ ಇಷ್ಟು ತೂಕದ ನಾಯಿಗೆ ದಿನಕ್ಕೆ ಸುಮಾರು 235 ಕ್ಯಾಲೊರಿ ಬೇಕು. ಓಡಾಟವೂ ಸೇರಿ ಮಿನ್ನುಗೆ 300 ಸಾಕು. ಒಂದು ಮಾರಿ ಬಿಸ್ಕತ್ತಿನಲ್ಲಿ ಹತ್ತಿರ ಹತ್ತಿರ 25 ಕ್ಯಾಲೊರಿ ಇರುತ್ತದೆ. ಅಮ್ಮ ಕಾಫಿ ಕುಡಿಯುವಾಗ ಎರಡು ಬಿಸ್ಕತ್ತು ಕೊಟ್ಟರೆ ದಿನದ ಊಟದ ಆರರಲ್ಲಿ ಒಂದು ಪಾಲು ಅಲ್ಲಿಗೇ ಮುಗಿಯಿತು. ಇವಳ ತೂಕ ಅರ್ಧ ಕೆಜಿ ಏರಿದರೆ, 60 ಕೆಜಿ ಇದ್ದವರು 66 ಆದ ಹಾಗೆ. ಉದ್ದ ಕೂದಲಿನ ಪಾಮ್ ದಪ್ಪಗಾಗಿದ್ದು ಕಣ್ಣಿಗೆ ಕಾಣುವುದೇ ಇಲ್ಲ. ಕೂದಲೊಳಗೆ ಕೈ ಹಾಕಿ ಪಕ್ಕೆಲುಬು ಸಿಗುತ್ತದಾ ಅಂತ ನೋಡಬೇಕು.

"ನಮ್ಮ ಹಳೇ ನಾಯಿಗಳೆಲ್ಲ ಅನ್ನ ಸಾರು ತಿಂದೇ ಬದುಕಲಿಲ್ವಾ?" ಅಂತ ಅಮ್ಮ ಕೇಳುತ್ತಾರೆ. ಬದುಕಿದವು, ನಿಜ. ಆದರೆ ಅವು ಅಂಗಳದಲ್ಲಿ ಓಡಾಡಿಕೊಂಡು, ಸಿಕ್ಕಿದ್ದನ್ನೆಲ್ಲ ತಿಂದುಕೊಂಡು ಇದ್ದ ದೊಡ್ಡ ನಾಯಿಗಳು. ಮಿನ್ನು ನಾವು ಕೊಟ್ಟದ್ದನ್ನು ಮಾತ್ರ ತಿನ್ನುವವಳು. ಅಲ್ಲದೆ ನಮ್ಮ ಸಾರಿನಲ್ಲಿ ಈರುಳ್ಳಿ, ಬೆಳ್ಳುಳ್ಳಿ ಇರುತ್ತದೆ. ಅವು ನಾಯಿಯ ಕೆಂಪು ರಕ್ತಕಣಗಳನ್ನೇ ಒಡೆಯುತ್ತವೆ. ಹಾಗಾಗಿ ಮಿನ್ನುಗೆ ಬೇರೆಯೇ ಕುಕ್ಕರ್.

ಅವಳ ರಾತ್ರಿ ಊಟಕ್ಕೆ ಬೇಯಿಸಿದ ಚಿಕನ್ 50 ಗ್ರಾಂ, ಅನ್ನ 40 ಗ್ರಾಂ, ಸಿಹಿಗುಂಬಳ ಅಥವಾ ಬೀನ್ಸ್ 30 ಗ್ರಾಂ, ಅರ್ಧ ಟೀ ಚಮಚ ಎಣ್ಣೆ. ಎಲ್ಲ ಸೇರಿ 160 ಕ್ಯಾಲೊರಿ ಹತ್ತಿರ. ತಟ್ಟೆ ನೋಡಲು ಚೆನ್ನಾಗಿಯೇ ಇರುತ್ತದೆ, ಆದರೆ ಅದರಲ್ಲಿ ಕ್ಯಾಲ್ಸಿಯಂ ಹೆಸರಿಗಷ್ಟೇ. ಮಾಂಸದಲ್ಲಿ ರಂಜಕ ಜಾಸ್ತಿ, ಕ್ಯಾಲ್ಸಿಯಂ ತೀರಾ ಕಡಿಮೆ. ಹೀಗೇ ವರ್ಷಗಟ್ಟಲೆ ಹಾಕಿದರೆ ದೇಹ ಮೂಳೆಯಿಂದ ಕ್ಯಾಲ್ಸಿಯಂ ಎಳೆದುಕೊಳ್ಳುತ್ತದೆ. ಅದಕ್ಕೆ ನಾನು ಮೊಟ್ಟೆ ಚಿಪ್ಪನ್ನು ಕುದಿಸಿ, ಒಣಗಿಸಿ, ಮಿಕ್ಸಿಯಲ್ಲಿ ಹಿಟ್ಟಿನ ಹಾಗೆ ನುಣ್ಣಗೆ ಪುಡಿ ಮಾಡಿ ಇಡುತ್ತೇನೆ. ಒಂದು ಊಟಕ್ಕೆ ಬೇಕಾದ್ದು ಬರೀ ಅರ್ಧ ಗ್ರಾಂ. ಅಷ್ಟು ಸಣ್ಣ ತೂಕ ಅಡುಗೆಮನೆ ತಕ್ಕಡಿಯಲ್ಲಿ ಸರಿಯಾಗಿ ಬರಲ್ಲ. ಅದಕ್ಕೇ ವಾರದ ಅಡುಗೆ ಒಟ್ಟಿಗೆ ಮಾಡಿ, ಮೂರೂವರೆ ಗ್ರಾಂ ಪುಡಿಯನ್ನು ಚೆನ್ನಾಗಿ ಕಲಸಿ, ಏಳು ಡಬ್ಬಿಗೆ ತುಂಬಿ ಫ್ರೀಜರಿಗೆ ಹಾಕುತ್ತೇನೆ.

ಚಿಪ್ಪು ಹಾಕಿದ ಮಾತ್ರಕ್ಕೆ ಮುಗಿಯಲ್ಲ. ಸತು, ತಾಮ್ರ, ಅಯೋಡಿನ್, ವಿಟಮಿನ್ ಡಿ ಮತ್ತೆ ಕಡಿಮೆ ಬೀಳುತ್ತವೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಪಶುವೈದ್ಯ ವಿಭಾಗದವರು ನಾಯಿಗಳ 200 ಮನೆ ರೆಸಿಪಿ ಪರೀಕ್ಷಿಸಿ 2013ರಲ್ಲಿ ವರದಿ ಬರೆದರು. 95%ರಲ್ಲಿ ಕನಿಷ್ಠ ಒಂದಾದರೂ ಅಗತ್ಯ ಪೋಷಕಾಂಶ ಸಾಲದೆ ಬಂದಿತ್ತು. ಇದನ್ನು ಓದಿದ ಮೇಲೆ ಪೂರ್ತಿ ಮನೆ ಅಡುಗೆಯ ಆಸೆ ಬಿಟ್ಟೆ. ಈಗ ಮಾಡುವ ಅರ್ಧ ಪಾಲಿಗೂ ರೆಸಿಪಿಯನ್ನು ಡಾಕ್ಟರಿಗೆ ತೋರಿಸಿ, ಕ್ಯಾಲ್ಸಿಯಂ ಇಲ್ಲದ ಮಿನರಲ್ ಪುಡಿ ಬರೆಸಿಕೊಂಡಿದ್ದೇನೆ. ಸಂಪೂರ್ಣ ಆಹಾರವಿರುವ ಪಪ್ಪಿ ಫುಡ್ ತಿನ್ನುವ ಮರಿಗೂ ಅಂಗಡಿಯವರು ಕ್ಯಾಲ್ಸಿಯಂ ಟಾನಿಕ್ ಕೊಟ್ಟು ಕಳಿಸುತ್ತಾರಲ್ಲ, ಅದು ಬೇಕಿಲ್ಲ.

ಹಾಗಂತ ಪ್ಯಾಕೆಟ್ಟೇ ಪೂರ್ತಿ ಹಾಕಿದರೂ ತಪ್ಪೇನಿಲ್ಲ. 'ಕಂಪ್ಲೀಟ್ ಅಂಡ್ ಬ್ಯಾಲೆನ್ಸ್ಡ್' ಅಂತ ಬರೆದಿರಬೇಕು, ಅಷ್ಟೇ. ಗ್ರೇವಿ ಪೌಚ್‌ಗಳಲ್ಲಿ ಕೆಲವಕ್ಕೆ 'ಕಾಂಪ್ಲಿಮೆಂಟರಿ' ಅಂತ ಸಣ್ಣ ಅಕ್ಷರದಲ್ಲಿ ಇರುತ್ತದೆ. ಅಂದರೆ ನೆಂಚಿಕೊಳ್ಳೋಕೆ ಮಾತ್ರ. ನಾನು ಬೆಳಗ್ಗೆ ಹಾಕುವುದು ಸಣ್ಣ ಜಾತಿಯ ನಾಯಿಗಳ ಡ್ರೈ ಫುಡ್, 40 ಗ್ರಾಂ. ಲೋಟದಲ್ಲಿ ಅಳೆಯಲ್ಲ, ತೂಕ ಮಾಡುತ್ತೇನೆ. ಈ ಲೆಕ್ಕದಲ್ಲಿ 1 ಕೆಜಿ ಪ್ಯಾಕೆಟ್ 25 ದಿನ ಬರುತ್ತದೆ. ಆಫರಿನಲ್ಲಿ ಸಿಗುತ್ತದೆ ಅಂತ 10 ಕೆಜಿ ಚೀಲ ತಂದರೆ ಎಂಟು ತಿಂಗಳು!

ನಾವಿರುವುದು ಉಡುಪಿ ಕಡೆ. ಮಳೆಗಾಲದಲ್ಲಿ ಬಾಯಿ ತೆರೆದಿಟ್ಟ ಹಪ್ಪಳ ಉಳಿಯದ ಊರಲ್ಲಿ ಆ ಚೀಲದ ಗತಿ ಏನು? ಮೆತ್ತಗಾಗುತ್ತದೆ, ಕೊಬ್ಬು ಕಮಟುತ್ತದೆ, ಬೂಸ್ಟು ಹಿಡಿಯಬಹುದು. ಅದೇ ಕಾರಣಕ್ಕೆ ಗೋಣಿಯಿಂದ ಮೊಗೆದು ಕೊಡುವ ಲೂಸ್ ಫುಡ್ಡನ್ನೂ ತರಲ್ಲ. ತಾರೀಖು ಯಾವುದೋ, ಚೀಲ ತೆರೆದಿದ್ದು ಯಾವಾಗಲೋ.

ಆಗಾಗ ಚಿಕನ್ ಬದಲು ಬೂತಾಯಿ (ಸಾರ್ಡೀನ್) ಮೀನು. ಉಪ್ಪು ಖಾರ ಏನೂ ಹಾಕದೆ, ಮುಳ್ಳು ಬೆರಳಲ್ಲಿ ಹಿಚುಕಿದರೆ ಪುಡಿಯಾಗುವವರೆಗೆ ಕುಕ್ಕರಿನಲ್ಲಿ ಬೇಯಿಸಬೇಕು. ಮುಳ್ಳೂ ಹೊಟ್ಟೆಗೆ ಹೋಗುವುದರಿಂದ ಆ ಊಟಕ್ಕೆ ಚಿಪ್ಪಿನ ಪುಡಿ ಹಾಕಲ್ಲ. ಬೂತಾಯಿಯಲ್ಲಿ ಕೊಬ್ಬು ಜಾಸ್ತಿ, ಹಾಗಾಗಿ ಸ್ವಲ್ಪವೇ ಕೊಡುತ್ತೇನೆ. ಒಮ್ಮೆಲೇ ಜಾಸ್ತಿ ಕೊಬ್ಬು ತಿಂದರೆ ಸಣ್ಣ ನಾಯಿಗಳ ಮೇದೋಜೀರಕ ಗ್ರಂಥಿಗೆ ಉರಿಯೂತ ಬರಬಹುದು. ಜೂನ್, ಜುಲೈಯಲ್ಲಿ ಯಾಂತ್ರಿಕ ದೋಣಿಗಳಿಗೆ 61 ದಿನ ನಿಷೇಧ ಇರುತ್ತದಲ್ಲ, ಆಗ ಮೀನು ದುಬಾರಿ. ಆ ಎರಡು ತಿಂಗಳು ಮೀನಿನ ಬದಲು ಬೇಯಿಸಿದ ಮೊಟ್ಟೆ.

ನೀವೂ ಬದಲಾಯಿಸುವುದಾದರೆ ಏಳರಿಂದ ಹತ್ತು ದಿನ ತಗೊಂಡು, ಹಳೆಯದರ ಜೊತೆ ಹೊಸದನ್ನು ಸ್ವಲ್ಪ ಸ್ವಲ್ಪವೇ ಬೆರೆಸಿ. ಮರಿಯಾದರೆ ಮನೆ ಅಡುಗೆಯ ಪ್ರಯೋಗವೇ ಬೇಡ. ಬೆಳೆಯುವ ಮೂಳೆ ಅದು, ಲೆಕ್ಕ ತಪ್ಪಿದರೆ ಸರಿಪಡಿಸುವುದು ಕಷ್ಟ.